ಅತ್ತೆಯ ಸಂಗಮ ಸ್ನಾನ

ನನ್ನ ಯಜಮಾನರು ಪುಣೆಯ ಒಂದು ನಕ್ಷೆ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ತೊಂಬತ್ತರ ದಶಕದಲ್ಲಿ ಅದಿನ್ನೂ ಪೆನ್ನು, ಶಾಯಿಯ ಕೆಲಸ. ಸಹ್ಯಾದ್ರಿಯ ನದಿಗಳನ್ನೆಲ್ಲ ತಾವೇ ಹರಿಸಿದವರ ಹಾಗೆ ಮಾತಾಡುತ್ತಿದ್ದರು. ಮನೆಯಿಂದ ಕ್ಯಾಂಪ್ ಬಡಾವಣೆಯ ಮಾರ್ಕೆಟ್ಟಿಗೆ ಹೋಗುವ ದಾರಿಯನ್ನು ಮಾತ್ರ ನಾನೇ ಹೇಳಬೇಕಿತ್ತು.

ಮಾವ ತೀರಿಕೊಂಡ ಮೇಲೆ ಅತ್ತೆ ಬಾಗಲಕೋಟೆ ಕಡೆಯಿಂದ ನಮ್ಮಲ್ಲಿಗೆ ಬಂದರು. ಊರಲ್ಲಿದ್ದಾಗ ಪ್ರತಿ ಸಂಕ್ರಾಂತಿಗೆ ಮಾವನ ಜೊತೆ ಹೊಳೆಗಳು ಕೂಡುವ ಕಡೆ ಹೋಗಿ ಮುಳುಗು ಹಾಕಿದವರು. ಈಗ ಮಂಡಿ ಸೋಲುತ್ತಿತ್ತು. ನಡೆಯಲಾಗದೆ ಪೂರ್ತಿ ಕೂರುವ ಮೊದಲು ಇನ್ನೊಂದು ಸಲ ಸಂಗಮದಲ್ಲಿ ಮುಳುಗಬೇಕು ಎಂಬುದೇ ಅವರ ಆಸೆ. ಪುಣೆಯಲ್ಲೇ ಮುಳಾ ಮುಠಾ ನದಿಗಳು ಕೂಡುತ್ತವಲ್ಲ ಎಂದು ಕರೆದೊಯ್ದರೆ ಮೂಗಿಗೆ ಸೆರಗು ಹಿಡಿದರು. “ಈ ನೀರಾಗ ಎಮ್ಮಿ ಸೈತ ಇಳಿಯೂದಿಲ್ಲ,” ಎಂದು ತಿರುಗಿ ನಡೆದರು.

ಯಜಮಾನರಿಗೆ ಹುರುಪು ಬಂತು. ನಕ್ಷೆ ಹಾಸಿ, ಹಸಿರು ಕಾಡಿನ ನಡುವೆ ಎರಡು ನೀಲಿ ಗೆರೆ ಕೂಡುವಲ್ಲಿ ಬೆರಳಿಟ್ಟರು. “ಅವ್ವಾ, ಇದು ನಾನ ಬರದದ್ದು. ಬಸ್ ಇಳಿದ್ರ ಎರಡ ಬಟ್ಟಿನಷ್ಟು ದೂರ ಅದ.” ಆ ಎರಡು ಬೆರಳಿನಷ್ಟು ಜಾಗದಲ್ಲಿ ಎತ್ತರ ತೋರಿಸುವ ಕಂದು ಗೆರೆಗಳು ಇರುವೆ ಸಾಲಿನಂತೆ ಒತ್ತೊತ್ತಾಗಿದ್ದವು. ಗೆರೆ ಒತ್ತಾದಷ್ಟೂ ಇಳಿಜಾರು ಕಡಿದು ಎಂದು ಮದುವೆಯಾದ ಹೊಸದರಲ್ಲಿ ನನಗೆ ಪಾಠ ಹೇಳಿದವರು ಇವರೇ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಳ್ಳಲ್ಲ. ನೆನಪಿಸಿದೆ. “ನಿನಗೇನ ತಿಳೀತದ, ಸುಮ್ನಿರು,” ಎಂದು ನಕ್ಷೆ ಸುತ್ತಿಟ್ಟರು.

ಸಂಕ್ರಾಂತಿಯ ಬೆಳಿಗ್ಗೆ ಬಸ್ಸಿಳಿದು ಕಾಡಿನ ಅಂಚಿಗೆ ಬಂದೆವು. ಕೆಳಗೆ, ಬಹಳ ಕೆಳಗೆ, ಎರಡು ಹೊಳೆ ಕೂಡಿ ಮಿನುಗುತ್ತಿದ್ದವು. ಇಳಿಯುವ ದಾರಿ ಬಾವಿಯ ಮೆಟ್ಟಿಲಿನಂತೆ ಕಡಿದಾಗಿತ್ತು. ಅತ್ತೆ ಇಣುಕಿ ನೋಡಿ ಕಲ್ಲಿನ ಮೇಲೆ ಕೂತುಬಿಟ್ಟರು. “ಭಾಳ ಚಂದ ಬರದೀ ತಮ್ಮಾ. ನಾ ಇಲ್ಲಿಂದನ ಕೈ ಮುಗೀತೀನಿ.” ನಗುತ್ತಲೇ ಅಂದರು, ಆದರೆ ಕಣ್ಣು ತುಂಬಿತ್ತು. ನನಗೂ ಸಂಕಟವಾಯಿತು.

ಯಜಮಾನರು ಚಪ್ಪಲಿ ಕಳಚಿ ನನ್ನ ಕೈಗೆ ಕೊಟ್ಟು ಕುಕ್ಕರಗಾಲಲ್ಲಿ ಕೂತರು. “ಅವ್ವಾ, ಬೆನ್ನ ಮ್ಯಾಲ ಹತ್ತು.” ನೀರಿನ ಲೋಟಕ್ಕೂ ಕುರ್ಚಿ ಬಿಟ್ಟು ಏಳದ ಮನುಷ್ಯ ಬೇರು ಬಳ್ಳಿ ಹಿಡಿದು ತಾಯಿಯನ್ನು ಹೊತ್ತು ಇಳಿದರು. “ಹಗೂರಪಾ, ಈ ಗೆರಿನೂ ನೀನ ಎಳದಿಯೇನು?” ಎಂದು ಅತ್ತೆ ಪ್ರತಿ ತಿರುವಿನಲ್ಲೂ ಕಿಚಾಯಿಸಿದರು.

ನೀರು ಕೂಡುವಲ್ಲಿ ಅತ್ತೆ ಮನಸಾರೆ ಮುಳುಗಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೈ ಮುಗಿದು ನಿಂತರು. “ಮಂಡಿನೋವು ಹೋಗ್ಲಿ ಅಂತ ಬೇಡ್ಕೊಂಡ್ರೇನ್ರಿ ಅತ್ತಿ?” ಎಂದೆ. ಸೀರೆ ಹಿಂಡುತ್ತ, ದಡದ ಮೇಲೆ ಅಂಗಾತ ಬಿದ್ದು ಏದುಸಿರು ಬಿಡುತ್ತಿದ್ದ ಮಗನತ್ತ ನೋಡಿದರು.

“ನನ್ನ ಮಂಡಿ ಇರ್ಲಿ ಬಿಡವಾ. ಇವನ ಬೆನ್ನ ಗಟ್ಟಿ ಇರ್ಲಿ ಅಂದೆ. ಇನ್ನ ತಿರುಗಿ ಮ್ಯಾಲ ಹತ್ತಬೇಕಲ್ಲ.”