ಬುಡಿಸೋ ಶಕ್ತಿಯ ಮೇಷ್ಟ್ರು

ಸೀಮೆಎಣ್ಣೆಯ ವಾಸನೆ ಬಂದರೆ ನನಗೆ ಚಿಕ್ಕಂದಿನ ಬೆಳಗು ನೆನಪಾಗುತ್ತದೆ. ಅಮ್ಮ ಪಂಪ್ ಒತ್ತಿ ಸ್ಟವ್ ಹಚ್ಚುತ್ತಿದ್ದಳು. ಆ ವಾಸನೆಯ ಹಿಂದೆಯೇ ಕಾಫಿ ಬರುತ್ತಿತ್ತು. ಈಗ ಅದೇ ವಾಸನೆ ನಜರ್‌ಬಾದಿನ ಒಂದು ಶೀಟಿನ ಮನೆಯೊಳಗೆ. ಇಲ್ಲಿನ ಪಾಠ ನೋಡಲು ಬಂದಿದ್ದೇನೆ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ರಸಾಯನಶಾಸ್ತ್ರದ ಜ್ಞಾನಪ್ರಕಾಶ್ ಮೇಷ್ಟ್ರು ಗಾಜಿನ ಸೀಸೆಯೊಂದನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದಿದ್ದಾರೆ. ಸೀಸೆಯ ಸೀಮೆಎಣ್ಣೆಯಲ್ಲಿ ಕಡಲೆಗಾತ್ರದ ಸೋಡಿಯಂ ಮುಳುಗಿದೆ.

"ಇದನ್ನ ಎಣ್ಣೇಲಿ ಯಾಕಿಟ್ಟಿದೀನಿ?"

"ಗಾಳಿ, ನೀರು ಸೋಕಿದ್ರೆ ಎಲೆಕ್ಟ್ರಾನ್ ಬುಟ್ಬುಡ್ತದೆ ಸಾ," ಎನ್ನುತ್ತಾಳೆ ಅನುಪಮಾ.

"ಕ್ಲೋರಿನ್ನು?"

"ಅದು ಜಿಪುಣ. ಸುಲಭವಾಗಿ ಬುಡಾಕಿಲ್ಲ."

ಬೆಂಚಿನ ಮೇಲಿರುವ ನಾಲ್ಕೈದು ಮಂದಿ ನಗುತ್ತಾರೆ. ಅನುಪಮಾ ನಗುವುದಿಲ್ಲ. ಇವರೆಲ್ಲ ಮೊದಲ ಪಿಯುಸಿಯಲ್ಲಿ ರಸಾಯನಶಾಸ್ತ್ರ ಫೇಲಾದವರು. ಮರುಪರೀಕ್ಷೆ ಇವತ್ತೇ. ಅನುಪಮಾ ನರ್ಸಿಂಗ್ ಹೋಮ್ ಒಂದರಲ್ಲಿ ಆಯಾ. ನರ್ಸ್ ಆಗುವ ಆಸೆ. ಈ ಸಲವೂ ಪಾಸಾಗದಿದ್ದರೆ ಓದು ಸಾಕು ಎಂದು ಮನೆಯಲ್ಲಿ ಹೇಳಿಯಾಗಿದೆ.

ಮೇಷ್ಟ್ರು ಪಾಠ ಮಾಡುತ್ತಿದ್ದ ಖಾಸಗಿ ಕಾಲೇಜು ವಿಜ್ಞಾನ ವಿಭಾಗವನ್ನೇ ಮುಚ್ಚಿತು. ಅಂದಿನಿಂದ ಹಗಲು ಔಷಧಿ ಅಂಗಡಿಯಲ್ಲಿ ಕೆಲಸ, ಮುಂಜಾನೆ ಈ ಪಾಠ. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳಲು ಬೇಕಾದ ಶಕ್ತಿಗೆ ಪುಸ್ತಕದಲ್ಲಿ 'ಅಯಾನೀಕರಣ ಶಕ್ತಿ' ಎಂಬ ಹೆಸರಿದೆ. "ಆ ಹೆಸರು ಕೇಳಿದ್ರೇ ಮಕ್ಕಳು ಬೆವರೋರು. ಒಂದಿನ ನಾನೇ 'ಬುಡಿಸೋ ಶಕ್ತಿ' ಅಂದೆ. ತಲೆಗೆ ಹತ್ತಿಬಿಡ್ತು. ಆದ್ರೆ ಪರೀಕ್ಷೆ ಗೇಟು ದಾಟೋವಾಗ ಆ ಮಾತು ಆಚೇಲೇ ಬಿಟ್ಟು ಹೋಗಿ ಅಂತ ದಿನಾ ಹೇಳ್ತೀನಿ," ಎನ್ನುತ್ತಾರೆ.

ಬೋರ್ಡಿನ ಮೇಲೆ ಆ ಶಕ್ತಿಯ ಅಂಕಿಗಳು: ಸೋಡಿಯಂ ೪೯೬, ಕ್ಲೋರಿನ್ ೧೨೫೧. ಆವರ್ತಕ ಕೋಷ್ಟಕದಲ್ಲಿ ಎಡದಿಂದ ಬಲಕ್ಕೆ ಹೋದಂತೆ ಬಿಡಿಸುವುದು ಕಷ್ಟ, ಮೇಲಿಂದ ಕೆಳಕ್ಕೆ ಇಳಿದಂತೆ ಸುಲಭ. ಇದು ಅನುಪಮಾಗೆ ಬರುತ್ತದೆ. ಅವಳು ಎಡವುವುದು ನೈಟ್ರೋಜನ್, ಆಕ್ಸಿಜನ್ ಹತ್ತಿರ. ಬಲಕ್ಕೆ ಹೋದರೂ ೧೪೦೨ ಇದ್ದದ್ದು ೧೩೧೪ಕ್ಕೆ ಇಳಿಯುತ್ತದೆ.

"ಇದೊಂದು ಯಾಕೆ ಉಲ್ಟಾ ಸಾ?" ಅವಳು ಬೋರ್ಡಿನತ್ತ ಬೆರಳು ತೋರಿಸುತ್ತಾಳೆ.

ಮೇಷ್ಟ್ರು ಸೀಮೆಸುಣ್ಣ ಕೆಳಗಿಡುತ್ತಾರೆ. "ನಿನ್ ವಾರ್ಡಲ್ಲಿ ಮೂರು ಮಂಚ, ಮೂರೇ ರೋಗಿಗಳು. ಎಂಗಿರ್ತಾರೆ?"

"ಆರಾಮಾಗಿ."

"ಅದು ನೈಟ್ರೋಜನ್ನು, ಎಲೆಕ್ಟ್ರಾನಿಗೊಂದೊಂದು ಮಂಚ. ನಾಲ್ಕನೆಯವನು ಬಂದ. ಒಂದು ಮಂಚದಲ್ಲಿ ಇಬ್ಬರು. ಮೊದಲು ಡಿಸ್ಚಾರ್ಜ್ ಕೇಳೋನು ಯಾರು?"

"ಮಂಚ ಹಂಚ್ಕೊಂಡೋನು!" ಅವಳ ಮುಖದಲ್ಲಿ ಮೊದಲ ಬಾರಿಗೆ ನಗು. "ಅವನೇ ಆಕ್ಸಿಜನ್ ಎಲೆಕ್ಟ್ರಾನು."

ಪರೀಕ್ಷೆ ಮುಗಿಯುವ ಹೊತ್ತಿಗೆ ಮೇಷ್ಟ್ರು ಅಂಗಡಿಗೆ ರಜೆ ಹೇಳಿ ಪರೀಕ್ಷಾ ಕೇಂದ್ರದ ಗೇಟಿನ ಬಳಿ ನಿಂತಿದ್ದಾರೆ. ಕೈಯಲ್ಲಿ ಹೆಂಡತಿ ಲೂರ್ದಮ್ಮ ಕಟ್ಟಿಕೊಟ್ಟ ಊಟದ ಡಬ್ಬಿ. ಕಾವಲುಗಾರ ಮೂಗಯ್ಯ ತನ್ನ ಸ್ಟೂಲನ್ನೇ ತಂದಿಟ್ಟು, "ಕುಂತ್ಕಳಿ ಮೇಷ್ಟ್ರೇ, ಪರೀಕ್ಷೆ ಬರೀತಿರೋದು ನೀವಲ್ಲ," ಎಂದರೂ ಇವರು ಕೂರುವುದಿಲ್ಲ.

"ನನ್ನಾಸೆ ದೊಡ್ಡದೇನಿಲ್ಲಮ್ಮ," ಎನ್ನುತ್ತಾರೆ ನನ್ನೊಡನೆ. "ಇವಳು ನರ್ಸಾಗಿ ನನಗೊಂದು ಇಂಜೆಕ್ಷನ್ ಚುಚ್ಚಬೇಕು. ಹೆದರೋ ಸರದಿ ಆಗ ನಂದಾಗ್ತದೆ."

ಗಂಟೆ ಹೊಡೆಯುತ್ತದೆ. ಅನುಪಮಾ ಬರುತ್ತಾಳೆ. ಮುಖ ಬಿಳಿಚಿದೆ.

"ಮಂಚ ಬಂದಿತ್ತಾ?"

"ಬಂದಿತ್ತು ಸಾ. ಕಾರಣನೂ ಬರ್ದೆ. ಆದ್ರೆ..." ತಲೆ ತಗ್ಗಿಸುತ್ತಾಳೆ. "ಬುಡಿಸೋ ಶಕ್ತಿ ಅಂತ್ಲೇ ಬರ್ದ್ಬುಟ್ಟೆ."

ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬರುತ್ತಾರೆ. "ಪೂರ್ತಿಯಾ?"

"ಕೊನೇಲಿ ಕಣ್ಣಿಗೆ ಬಿತ್ತು. ಹೊಡೆದಾಕಿ ಪುಸ್ತಕದ ಹೆಸರು ಬರ್ದೆ. ಕೆಳಗಿನ ಸಾಲಲ್ಲಿ ಇನ್ನೊಂದಿತ್ತು ಸಾ. ಅಷ್ಟೊತ್ತಿಗೆ ಪೇಪರ್ ಕಿತ್ಕೊಂಡ್ರು."

ತಾವು ಕಲಿಸಿದ ಮಾತೇ ಅವಳ ಉತ್ತರಕ್ಕೆ ಅಡ್ಡ ಬಂತೇ ಎಂಬ ಪ್ರಶ್ನೆ ಮೇಷ್ಟ್ರ ಮುಖದಲ್ಲಿ ನನಗೂ ಕಾಣುತ್ತದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ.

"ಕಾರಣ ಸರಿಯಾಗಿ ಬರ್ದಿದೀಯ. ಪೇಪರ್ ನೋಡೋರೂ ಈ ಕಡೆಯೋರೇ ಕಣಮ್ಮ. ಅರ್ಥ ಆಗ್ತದೆ," ಎನ್ನುತ್ತಾರೆ. ಮತ್ತೆ, "ತಿಂಡಿ ತಿಂದ್ಯಾ?"

"ಇಲ್ಲ ಸಾ. ಈಗ ಡ್ಯೂಟಿಗೆ ಓಡ್ಬೇಕು."

ಮೇಷ್ಟ್ರು ಡಬ್ಬಿ ಚಾಚುತ್ತಾರೆ. ಅವಳು ಬೇಡವೆಂದು ತಲೆಯಾಡಿಸುತ್ತಾಳೆ. ಅವರು ಅವಳ ಬೆರಳುಗಳನ್ನು ಡಬ್ಬಿಯ ಹಿಡಿಯ ಸುತ್ತ ಮಡಿಸಿ, ಕೈ ಬಿಡುತ್ತಾರೆ.