ಮುನಿತಾಯಮ್ಮನ ಹೆಬ್ಬೆರಳು

ಮುನಿತಾಯಮ್ಮನ ಹೆಬ್ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ಹದಿನೆಂಟು ವರ್ಷ ರಾಜಾಜಿನಗರದ ಒಂದು ಶೆಡ್ಡಿನಲ್ಲಿ ಕಾಗೆಬಂಗಾರ ಸೀಳಿದ ಹೆಂಗಸು ಅವಳು. ಹಳೇ ಇಸ್ತ್ರಿಪೆಟ್ಟಿಗೆ ಬಿಚ್ಚಿದರೆ ಒಳಗೆ ತಂತಿ ಸುತ್ತಿದ ಹೊಳೆಯುವ ಹಾಳೆ ಕಾಣುತ್ತದಲ್ಲ, ಅದೇ ಕಾಗೆಬಂಗಾರ. ಗಟ್ಟಿಯ ಅಂಚಿಗೆ ಚಾಕುವಿನ ಮೊನೆ ಕೊಟ್ಟು, ಹೆಬ್ಬೆರಳಿನಲ್ಲಿ ತಳ್ಳಿ ತಳ್ಳಿ ಪದರ ಬಿಡಿಸಬೇಕು. ಹಾಳೆಯನ್ನು ಬೆಳಕಿಗೆ ಹಿಡಿದು, ಬಣ್ಣ ನೋಡಿಯೇ ಎಷ್ಟು ದಪ್ಪ ಅಂತ ಹೇಳುತ್ತಿದ್ದಳಂತೆ. ಕಾಗೆಬಂಗಾರ ಅವಳ ಬೆರಳನ್ನು ತಿಂದು ನುಣ್ಣಗೆ ಮಾಡಿತು. ಆಮೇಲೆ ಶೆಡ್ಡೂ ಮುಚ್ಚಿತು.

ಆಗ ಕೆಂಗೇರಿ ಕಡೆಯ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಗುತ್ತಿಗೆ ಅಟೆಂಡರ್ ಆಗಿ ಬಂದಳು. ನಾನು ಮರಿಯಪ್ಪ, ಅದೇ ಲ್ಯಾಬಿನ ಸ್ಟೋರ್ ನೋಡುತ್ತಿದ್ದವನು, ನಾನೂ ಗುತ್ತಿಗೆಯವನೇ. ಅವಳ ಕಥೆ ಹೇಳುವುದಕ್ಕೆ ನನ್ನಷ್ಟು ನಾಲಾಯಕ್ಕು ಮನುಷ್ಯ ಇನ್ನೊಬ್ಬನಿಲ್ಲ. ಆದರೆ ಹೇಳಬೇಕಾದವರು ಯಾರೂ ಹೇಳುವುದಿಲ್ಲ, ಏನು ಮಾಡಲಿ.

ಎರಡು ಸಾವಿರದ ಆರರಲ್ಲಿ ನಮ್ಮ ಪಂಚಾಕ್ಷರಿ ಮೇಷ್ಟ್ರಿಗೆ ಗ್ರ್ಯಾಫೀನ್ ಹುಚ್ಚು ಹಿಡಿಯಿತು. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರ್ಯಾಫೈಟನ್ನು ಪದರ ಪದರ ಬಿಡಿಸುತ್ತಾ ಹೋದರೆ, ಕೊನೆಗೆ ಒಂದೇ ಒಂದು ಪರಮಾಣುವಿನಷ್ಟು ದಪ್ಪದ ಪದರ ಉಳಿಯುತ್ತದೆ, ಅದು ಉಕ್ಕಿಗಿಂತ ಗಟ್ಟಿ, ನಾಳೆಯ ಕಂಪ್ಯೂಟರೆಲ್ಲ ಅದರಲ್ಲೇ ಅಂತ ಕೈ ಆಡಿಸಿ ಹೇಳುತ್ತಿದ್ದರು. ಇಷ್ಟು ದೊಡ್ಡ ವಿಜ್ಞಾನಕ್ಕೆ ಬೇಕಾದ ಆಯುಧ ಏನು ಅಂತ ಕೇಳಿ. ಲಕೋಟೆಗೆ ಅಂಟಿಸುವ ಸೆಲ್ಲೋಟೇಪು! ಗ್ರ್ಯಾಫೈಟಿನ ಚೂರನ್ನು ಟೇಪಿಗೆ ಅಂಟಿಸಿ, ಮಡಚಿ, ಬಿಡಿಸಿ, ಮತ್ತೆ ಮಡಚಿ, ಹತ್ತು ಸಲ ಆದ ಮೇಲೆ ಉಗುರಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಒತ್ತಿ ಎಳೆಯಬೇಕು. ಆಮೇಲೆ ಮೈಕ್ರೋಸ್ಕೋಪಿನಲ್ಲಿ ಆ ನೇರಳೆ ಬಿಲ್ಲೆಯ ಮೇಲೆಲ್ಲ ಒಂಟಿಪದರ ಹುಡುಕಬೇಕು. ಟೇಪು ಇಶ್ಯೂ ಮಾಡುತ್ತಿದ್ದವನು ನಾನು. ವಾರಕ್ಕೆ ಒಂದು ಡಜನ್ ಹೋಗುತ್ತಿತ್ತು.

ಕೀಳುತ್ತಿದ್ದವನು ರುದ್ರೇಶ, ಬಾಗಲಕೋಟೆ ಕಡೆಯಿಂದ ಬಂದು ಅತ್ತಿಗುಪ್ಪೆಯಲ್ಲಿ ರೂಮು ಮಾಡಿದ್ದ ಎಂ.ಟೆಕ್ ಹುಡುಗ. ನಾಲ್ಕು ತಿಂಗಳು ಕಿತ್ತ, ಒಂದೂ ಸಿಗಲಿಲ್ಲ. ನೆಲ ಒರೆಸುತ್ತಿದ್ದ ಮುನಿತಾಯಮ್ಮ ಒಂದು ದಿನ ತಡೆಯಲಾರದೆ ಬಾಯಿ ಬಿಟ್ಟಳು.

"ಹಂಗ್ ಪರಪರ ಕಿತ್ರೆ ಬರಲ್ಲ ಕಣಪ್ಪ. ಟೇಪ್‌ನ ಮಲಗಿಸ್ಕೊಂಡು ನಿಧಾನಕ್ಕೆ ಎಳಿ. ಪದರ ಹೆದರ್ಕೊಂಡ್ರೆ ಹರಿದೋಗುತ್ತೆ."

"ನೀವ ಮಾಡಿ ತೋರಸ್ರಿ ಅಮ್ಮ," ಅಂದ ರುದ್ರೇಶ, ಅರ್ಧ ತಮಾಷೆಗೆ.

ತೋರಿಸಿದಳು. ಆಮೇಲೆ ಸ್ಟೂಲಿನ ಮೇಲೆ ಕೂತು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. "ಹೊಳೆಯೋದೆಲ್ಲ ದಪ್ಪ, ಬಿಟ್ಹಾಕು," ಅಂತ ಗೊಣಗುತ್ತಾ ಒಂದು ಗಂಟೆ ಹುಡುಕಿ, ಒಂದು ಕಡೆ ನಿಲ್ಲಿಸಿದಳು. "ಇಲ್ಲ್ ನೋಡು. ಇಲ್ಲ ಅನ್ನೋ ಹಂಗಿದೆ, ಆದ್ರೆ ಇದೆ."

ನೇರಳೆಯ ಮೇಲೆ ಕೂದಲೆಳೆಯಷ್ಟು ಗಾಢ ನೇರಳೆ, ಅಷ್ಟೇ. ನನಗೆ ಏನೂ ಕಾಣಲಿಲ್ಲ. ರುದ್ರೇಶ ಕುಣಿದುಬಿಟ್ಟ.

ಅಲ್ಲಿಂದ ಅವಳಿಗೆ ಪೊರಕೆಯ ಜೊತೆ ಸ್ಟೂಲೂ ಬಂತು. ಮೇಷ್ಟ್ರು ಎಲ್ಲರ ಎದುರಿಗೆ ಮಾತು ಕೊಟ್ಟರು. "ಪೇಪರ್ ಒಂದು ಪಬ್ಲಿಷ್ ಆಗ್ಲಿ ಮುನಿತಾಯಮ್ಮ, ಮ್ಯಾನೇಜ್‌ಮೆಂಟ್ ಒಂದ್ ಅಟೆಂಡರ್ ಪೋಸ್ಟ್ ಪರ್ಮನೆಂಟ್ ಮಾಡ್ತೀನಿ ಅಂದಿದೆ. ಅದು ನಿಂಗೇ." ಪರ್ಮನೆಂಟ್ ಆದವರ ಮಕ್ಕಳಿಗೆ ನಮ್ಮದೇ ಪಾಲಿಟೆಕ್ನಿಕ್ಕಿನಲ್ಲಿ ಪುಕ್ಕಟೆ ಡಿಪ್ಲೊಮಾ ಸೀಟು. ಅವಳ ಮಗಳು ಕಲಾವತಿ ಮುಂದಿನ ವರ್ಷ ಎಸ್ಸೆಸ್ಸೆಲ್ಸಿಗೆ ಬರುವವಳು. ಸುಂಕದಕಟ್ಟೆಯ ಒಂದೇ ಕೋಣೆಯ ಮನೆಯಲ್ಲಿ ಆ ಹುಡುಗಿ ಕೆಟ್ಟ ರೇಡಿಯೋಗಳನ್ನು ಬಿಚ್ಚಿ ಜೋಡಿಸುತ್ತಿದ್ದಳು. ತಾಯಿಗೆ ಬೇಕಾಗಿದ್ದದ್ದು ಆ ಸೀಟು, ಇನ್ನೇನೂ ಅಲ್ಲ. ನನಗೆ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಅವಳಿಗಿಂತ ಏಳು ವರ್ಷ ಮೊದಲು ಸೇರಿದವನು ನಾನು, ನನಗೂ ಒಬ್ಬ ಮಗನಿದ್ದ.

ಎರಡು ಸಾವಿರದ ಏಳರ ದಸರಾ ಹತ್ತಿರ ಬಂದಾಗ ಅವಳಿಗೆ ಒಂದು ದೊಡ್ಡ ಒಂಟಿಪದರ ಸಿಕ್ಕಿತು. ಅಷ್ಟಗಲದ್ದು ಅದುವರೆಗೆ ಸಿಕ್ಕಿರಲಿಲ್ಲ. ಅದು ನಿಜವಾಗಿ ಒಂಟಿಪದರವೇ ಅಂತ ಲೇಸರ್ ಹಾಯಿಸಿ ಹೇಳುವ ಮೆಷಿನ್ನು ಊರಿನ ಆ ತುದಿಯ ದೊಡ್ಡ ಸಂಸ್ಥೆಯಲ್ಲಿತ್ತು. ನಮಗೆ ಸೋಮವಾರ ಎರಡು ಗಂಟೆ ಹೊತ್ತು ಕೊಟ್ಟಿದ್ದರು. ತಪ್ಪಿದರೆ ಇನ್ನು ಐದು ತಿಂಗಳು, ಅಷ್ಟರಲ್ಲಿ ಪ್ರಾಜೆಕ್ಟೇ ಮುಗಿದುಹೋಗುತ್ತಿತ್ತು.

ಶುಕ್ರವಾರ ಲ್ಯಾಬಿನಲ್ಲಿ ಆಯುಧಪೂಜೆ. ಸ್ಕ್ರೂಡ್ರೈವರಿನಿಂದ ಫ್ರಿಜ್ಜಿನವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. "ಒಂದನ್ನೂ ಬಿಡಬೇಡ್ರಯ್ಯ," ಅಂತ ಮೇಷ್ಟ್ರೇ ಹೇಳಿದ್ದರು. ಬೂದುಗುಂಬಳ ತರಲು ಕೆಳಗೆ ಹೊರಟ ಮುನಿತಾಯಮ್ಮ, ಬೀರು ಒರೆಸಿಡಿ ಅಂತ ಕೀಲಿ ನನ್ನ ಕೈಗೆ ಕೊಟ್ಟಳು.

"ಮರಿಯಣ್ಣ, ಆ ಬಿಲ್ಲೆ ಡಬ್ಬಿ ಒಂದು ಮುಟ್ಬೇಡಿ. ಅದಕ್ಕೆ ನಾನು ದೂರದಿಂದ್ಲೇ ಕೈ ಮುಗಿದಿದೀನಿ."

ಮುಟ್ಟಬೇಡಿ ಅಂತ ನೆಲ ಒರೆಸುವವಳು ನನಗೆ ಹೇಳಬೇಕೇ? ಪೂಜೆ ತಪ್ಪಿದ ವಸ್ತು ವರ್ಷವಿಡೀ ಕೈಕೊಡುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದ ಮಾತು ಬೇರೆ. ಡಬ್ಬಿ ತೆಗೆದೆ. ಹೆಬ್ಬೆರಳನ್ನು ಎಣ್ಣೆ ಕಲಸಿದ ಕುಂಕುಮದಲ್ಲಿ ಅದ್ದಿ, ಬಿಲ್ಲೆಯ ನಡುಮಧ್ಯಕ್ಕೆ ಒತ್ತಿ, ಮುಚ್ಚಿಟ್ಟೆ. ಭಕ್ತಿಯಿಂದ ಒತ್ತಿದೆನೋ ಕಿಚ್ಚಿನಿಂದಲೋ ನನಗೇ ಗೊತ್ತಿಲ್ಲ ಅಂತ ಬಹಳ ವರ್ಷ ಹೇಳಿಕೊಂಡೆ. ಅದು ಸುಳ್ಳು, ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಡಬ್ಬಿ ತೆರೆದ ರುದ್ರೇಶ ಮೇಷ್ಟ್ರನ್ನು ಕೂಗಿ ಕರೆದ. ಮೇಷ್ಟ್ರು ಓಡಿ ಬಂದರು. ಬೀರುವಿನ ಕೀಲಿ ಯಾರ ಹತ್ತಿರ ಇರುತ್ತದೆ? ಮುನಿತಾಯಮ್ಮನ ಹತ್ತಿರ. ಕುಂಕುಮ ಕಲಸಿದ್ದು ಯಾರು? ಮುನಿತಾಯಮ್ಮ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದಕ್ಕೆ ಇಷ್ಟು ಸಾಕಾಯಿತು.

"ಕೀಲಿ ಮರಿಯಣ್ಣಂಗೆ ಕೊಟ್ಟಿದ್ದೆ ಸಾರ್," ಅಂದಳು.

ಮೇಷ್ಟ್ರು ನನ್ನ ಕಡೆ ತಿರುಗಿದರು. "ಪೂಜೆ ಗಲಾಟೇಲಿ ಯಾರ್ ಯಾರ ಕೈಗೆ ಏನ್ ಹೋಯ್ತೋ ಸಾರ್," ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಸುಳ್ಳು ಹೇಳಿರಲಿಲ್ಲ.

ಅವಳು ಆಗಲೇ ಸ್ಟೂಲು ಎಳೆದುಕೊಂಡಿದ್ದಳು. ಪದರ ಒಂದು ಮೂಲೆಯಲ್ಲಾದರೂ ಉಳಿದಿದೆಯೋ ನೋಡೋಣ ಅಂತ ಬಿಲ್ಲೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ರುದ್ರೇಶನನ್ನು ಕರೆದು ತೋರಿಸಿದಳು. ಅವನೂ ನೋಡಿದ, ಮೇಷ್ಟ್ರೂ ನೋಡಿದರು. ಕುಂಕುಮದಲ್ಲಿ ಹೆಬ್ಬೆರಳಿನ ಸುರುಳಿ ಗೆರೆಗಳು ಉತ್ತ ಹೊಲದ ಸಾಲಿನ ಹಾಗೆ ಒಂದೊಂದೂ ಬಿಡಿಬಿಡಿಯಾಗಿ ಬಿದ್ದಿದ್ದವು.

"ನಂದಲ್ಲ ಸಾರ್," ಅಂತ ಅವಳು ಎರಡೂ ಹೆಬ್ಬೆರಳು ಮುಂದೆ ಚಾಚಿದಳು.

ಲ್ಯಾಬಿನಲ್ಲಿ ಆ ಬೆರಳುಗಳ ಕಥೆ ಗೊತ್ತಿಲ್ಲದವರು ಯಾರೂ ಇರಲಿಲ್ಲ. ರುದ್ರೇಶ ನೆಲ ನೋಡಿದ. ಅವನ ಥೀಸಿಸ್ಸಿಗೆ ಮೇಷ್ಟ್ರ ಸಹಿ ಬೇಕಿತ್ತು. ಒಂದನ್ನೂ ಬಿಡಬೇಡಿ ಅಂದಿದ್ದ ಮೇಷ್ಟ್ರಿಗೆ ಮಾತು ಅಲ್ಲಿಗೇ ಮುಗಿಯಬೇಕಿತ್ತು. "ಅದೆಲ್ಲ ಪೊಲೀಸ್ ಕೆಲ್ಸ, ನಮಗ್ಯಾಕೆ. ಡಬ್ಬಿ ಜವಾಬ್ದಾರಿ ನಿಂದು," ಅಂದು ಆಫೀಸಿಗೆ ನಡೆದರು.

ಮಧ್ಯಾಹ್ನ ಆಫೀಸಿನ ಗುಮಾಸ್ತ ಸುಬ್ರಮಣಿ ಅವಳ ಹೆಸರಿನಲ್ಲಿ ಕಾಗದ ಟೈಪು ಮಾಡಿಸಿದ. "ನನ್ನ ನಿರ್ಲಕ್ಷ್ಯದಿಂದ ಮಾದರಿ ಹಾಳಾಗಿದೆ, ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ" ಅಂತ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಅವನೇ ಓದಿ ಹೇಳಿ, ಎಡಗೈ ಹೆಬ್ಬೆಟ್ಟು ಒತ್ತಿಸಿದ. ಕಾಗದದ ಮೇಲೆ ಬರೀ ನೀಲಿ ಮಸಿ ಬಿತ್ತು, ಒಂದು ಗೆರೆಯೂ ಇಲ್ಲ.

"ಸರಿಯಾಗ್ ಒತ್ತಮ್ಮ," ಅಂತ ಗದರಿದ. ಮತ್ತೆ ಒತ್ತಿದಳು, ಮತ್ತೆ ಮಸಿ. ಬಲಗೈಯದೂ ಅಷ್ಟೇ. ಬಿಲ್ಲೆ ಡಬ್ಬಿ ಸಾಕ್ಷಿಗೆಂದು ಅದೇ ಮೇಜಿನ ಮೇಲಿತ್ತು. ಮೇಷ್ಟ್ರು ಡಬ್ಬಿ ನೋಡಿದರು, ಕಾಗದ ನೋಡಿದರು. "ಇರ್ಲಿ ಬಿಡ್ರೀ, ಇಬ್ರು ಸಾಕ್ಷಿ ಸಹಿ ಹಾಕಿಸ್ಕೊಳ್ಳಿ," ಅಂದರು. ಸಾಕ್ಷಿ ಹಾಕಿದವರು ರುದ್ರೇಶ ಮತ್ತು ನಾನು.

ಸಂಜೆ ಗೇಟಿನ ಹತ್ತಿರ, ಊಟದ ಡಬ್ಬಿ ಹಿಡಿದು ಬಸ್ಸಿಗೆ ನಿಂತಿದ್ದಳು. ನಾನು ತಲೆ ತಗ್ಗಿಸಿ ಹೋಗುತ್ತಿದ್ದೆ.

"ಮರಿಯಣ್ಣ," ಅಂತ ಕರೆದಳು. "ಅದು ಅಳಿಸೋಗಿದ್ರೂ ಪರ್ವಾಗಿರ್ಲಿಲ್ಲ, ಇನ್ನೊಂದು ಹುಡುಕ್ತಿದ್ದೆ. ನೀವು ಒಂದ್ ಮಾತು ಹೇಳ್ಬೋದಿತ್ತು. ನನ್ ಮಗೀಗೆ ಏನಂತ ಹೇಳ್ಲಿ?"

ಬಸ್ಸು ಬಂತು, ಹೋದಳು. ಮುಂದಿನ ಜೂನಿನಲ್ಲಿ ಕಲಾವತಿ ಮಾಗಡಿ ರೋಡಿನ ಗಾರ್ಮೆಂಟ್ಸಿಗೆ ಸೇರಿದಳು, ಕಾಲರ್ ಹೊಲಿಯುವುದಕ್ಕೆ. ಆ ಸೀಟಿನಲ್ಲಿ ನನ್ನ ಮಗ ಕೂತ. ಎರಡನೇ ವರ್ಷಕ್ಕೇ ಬಿಟ್ಟುಬಂದ ಆ ಶನಿ.

ಇದೆಲ್ಲ ಆಮೇಲಿನದು. ಪರ್ಮನೆಂಟ್ ಆರ್ಡರು ನನ್ನ ಹೆಸರಿಗೆ ಜನವರಿಯಲ್ಲೇ ಬಂದಿತ್ತು. ಪೋಸ್ಟು ಮಂಜೂರಾಗಿಬಿಟ್ಟಿದೆ, ಯಾರಿಗಾದರೂ ಕೊಡಬೇಕಲ್ಲ ಅಂದರಂತೆ ಮೇಷ್ಟ್ರು. ಸರ್ವಿಸ್ ಪುಸ್ತಕಕ್ಕೆ ಬೆರಳಿನ ಗುರುತು ಬೇಕು ಅಂತ ಸುಬ್ರಮಣಿ ನನ್ನ ಕೈ ಹಿಡಿದು, ಒಂದೊಂದೇ ಬೆರಳನ್ನು ಮಸಿಗೆ ಅದ್ದಿ ಒತ್ತಿಸಿದ. ಹೆಬ್ಬೆರಳಿಗೆ ಬಂದಾಗ ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದ.

"ನಿಮ್ದು ನೋಡಿ ಮರಿಯಪ್ಪನೋರೆ, ಎಷ್ಟ್ ಚೆನ್ನಾಗಿ ಬಿದ್ದಿದೆ," ಅಂದ. "ಆವಮ್ಮಂದು ಒಂದೂ ಸರಿಯಾಗಿ ಬರ್ಲಿಲ್ಲ."