ಹ್ಯಾಪಿಗೆ ಜ್ವರ

ಆ ಫೋಟೋವನ್ನು ಬೆಳ್ಳಗೆ ಮಾಡಿಸಿದವಳು ನಾನು. ಆ ಹುಡುಗಿಯ ಹೆಸರಿಗೆ ಒಂದು ಎಚ್ ಸೇರಿಸಿದವಳೂ ನಾನೇ. ಕೊನೆಗೆ ಕಾರ್ಕಳದ ಸಭೆಯಲ್ಲಿ, ಅವಳು ನನ್ನ ಪಕ್ಕದಲ್ಲೇ ನಿಂತಿರುವಾಗ, ಅವಳು ಬಂದಿಲ್ಲ ಎಂದು ಹೇಳಿದವಳು — ಅದೂ ನಾನೇ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವುದು ನನಗೆ ಚೆನ್ನಾಗಿ ಗೊತ್ತು. ಕಾನ್ವೆಂಟಿನಲ್ಲಿ ಅದನ್ನು ಮ್ಯಾನರ್ಸ್ ಎಂದು ಕಲಿಸುತ್ತಿದ್ದರು.

ಮೊನ್ನೆ ಮಣಿಪಾಲದ ನನ್ನ ಫ್ಲಾಟಿಗೆ ತಮ್ಮನ ಮೊಮ್ಮಗಳು ಶೆರಿಲ್ ಬಂದಿದ್ದಳು. ಟಿ.ವಿ.ಯಲ್ಲಿ ಕೋಟು ಹಾಕಿದ ಕೆಲವರು ಅರಚಾಡುತ್ತಿದ್ದರು — ದೇಶದ ಕ್ರೀಡಾ ಪ್ರಶಸ್ತಿಗೆ ಜನರಿಂದಲೇ ಓಟು ಹಾಕಿಸಿದರೆ ಜನ ಆಟ ನೋಡುತ್ತಾರೋ, ಬಣ್ಣ ಕುಲ ನೋಡುತ್ತಾರೋ ಎಂದು. "ಬಣ್ಣ ನೋಡ್ತಾರಾ ಗ್ರ್ಯಾನಿ?" ಎಂದಳು ಶೆರಿಲ್.

"ಮತ್ತೆಂತ? ನಮ್ಮ ಜನ ಅಲ್ವಾ?" ಎಂದೆ.

ಈ ಉತ್ತರ ನನ್ನ ಬಾಯಲ್ಲಿ ನಲವತ್ತು ವರ್ಷಗಳಿಂದ ಸಿದ್ಧವಾಗಿಯೇ ಇದೆ. ಅದರ ಹಿಂದೆಯೇ ಸಾಕ್ಷಿಯೆಂದು ಅಪ್ಪಿಯ ಕತೆಯನ್ನೂ ಹೇಳುವುದು ರೂಢಿ. ಟೀಚರ್ಸ್ ಕಾನ್ಫರೆನ್ಸುಗಳಲ್ಲಿ ಹೇಳಿದ್ದೇನೆ, ಮದುವೆ ಮನೆಗಳಲ್ಲಿ ಹೇಳಿದ್ದೇನೆ. ಕೇಳಿದವರು ಛೆ ಛೆ ಎಂದಿದ್ದಾರೆ, ನನ್ನ ಕೈ ಹಿಡಿದು ನೀವೆಷ್ಟು ಮಾಡಿದ್ರಿ ಟೀಚರ್ ಎಂದಿದ್ದಾರೆ. ಆ ಕತೆಯಲ್ಲಿ ಜನ ಕೆಟ್ಟವರು, ನಾನು ಒಳ್ಳೆಯವಳು. ಮೊನ್ನೆ ಮಾತ್ರ ಕತೆ ಶುರು ಮಾಡಲು ಬಾಯಿ ತೆರೆದವಳು — ಯಾಕೋ, ಆ ಮಗುವಿನ ಮುಖ ನೋಡಿ — ಮುಚ್ಚಿದೆ.

ಅಪ್ಪಿ ಕೊರಗರ ಹುಡುಗಿ. ಕಾಪುವಿನಿಂದ ಒಳಗೆ, ಗದ್ದೆಗಳಾಚೆ ಅವಳ ಮನೆ. ಅಮ್ಮ ಬುಟ್ಟಿ ಹೆಣೆಯುತ್ತಿದ್ದರು. ಆ ಕಾಲಕ್ಕೆ ನಮ್ಮ ಕಡೆಯ ಮನೆಗಳೆಲ್ಲ ಕೊರಗರನ್ನು ಅಂಗಳದ ಆಚೆಯೇ ನಿಲ್ಲಿಸಿ ಮಾತಾಡಿಸುತ್ತಿದ್ದವು. ಕೆಮ್ಮಣ್ಣು ಊರಿನ ನಮ್ಮ ಮನೆಯೂ. ಗೋವಾದಿಂದ ಓಡಿ ಬಂದ ಕೊಂಕಣಿ ಕ್ಯಾಥೊಲಿಕರು ನಾವು. ಬರುವಾಗ ಶಿಲುಬೆಯನ್ನೂ ತಂದೆವು, ಜಾತಿಯನ್ನೂ ಮರೆಯದೆ ಕಟ್ಟಿಕೊಂಡು ತಂದೆವು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಉಡುಪಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಇಂಗ್ಲಿಷ್ ಟೀಚರ್, ಜೊತೆಗೆ ಗೇಮ್ಸ್ ಇನ್‌ಚಾರ್ಜ್. ಅಪ್ಪಿ ನನ್ನ ಕ್ಲಾಸಿಗೆ ಬಂದದ್ದು ಬರಿಗಾಲಲ್ಲಿ, ಓಡಿದ್ದೂ ಬರಿಗಾಲಲ್ಲಿ. ಕಾಪುವಿನಲ್ಲಿ ಬಸ್ಸು ತಪ್ಪಿದರೆ ಮುಂದಿನ ಸ್ಟಾಪಿನವರೆಗೆ ಓಡಿ ಅದನ್ನೇ ಹಿಡಿಯುತ್ತಿದ್ದಳಂತೆ. "ಇವಳಿಗೆ ಟಿಕೆಟ್ ಕೊಡುವುದೇ ತಪ್ಪು ಟೀಚರ್, ಬಸ್ಸಿಗೇ ಇವಳು ದಾರಿ ತೋರಿಸ್ತಾಳೆ" ಎಂದು ಕಂಡಕ್ಟರ್ ತಮಾಷೆ ಮಾಡುತ್ತಿದ್ದ. ಎಂಟುನೂರು ಮೀಟರಿನಲ್ಲಿ ಅವಳು ಜಿಲ್ಲೆ ಗೆದ್ದಳು, ರಾಜ್ಯ ಗೆದ್ದಳು, ಆಮೇಲೆ ರಾಷ್ಟ್ರಮಟ್ಟದಲ್ಲೂ ಗೆದ್ದು ಬಂದಳು. ಗೆದ್ದು ಬಂದಾಗ ನಮ್ಮ ಸ್ಟಾಫ್‌ರೂಮಿನಲ್ಲಿ ಆಡಿದ ಮೊದಲ ಮಾತು — "ಕಾಪುವಿನ ಹುಡುಗಿಯೋ, ಕಪ್ಪಿನ ಹುಡುಗಿಯೋ?" ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಗಲಿಲ್ಲ ಎಂಬುದನ್ನು ಎಲ್ಲರೂ ನೋಡುವ ಹಾಗೆ ನಗದೆ ಕೂತೆ. ಆಗಲೇ ನಾನು ಅಂಥವಳು.

ಅದೇ ಹೊತ್ತಿಗೆ ಬೊಂಬಾಯಿಯ ಒಂದು ಇಂಗ್ಲಿಷ್ ವಾರಪತ್ರಿಕೆ ವರ್ಷದ ಕ್ರೀಡಾಕನ್ಯೆಯನ್ನು ಓದುಗರ ಓಟಿನಿಂದಲೇ ಆರಿಸುತ್ತೇವೆ ಎಂದು ಪ್ರಕಟಿಸಿತು. ದೇಶದ ಬೇರೆ ಬೇರೆ ಕಡೆಯ ಕೆಲವು ಹುಡುಗಿಯರ ಫೋಟೋ ಹಾಕುವುದು, ಓದುಗರು ಕೂಪನ್ ಕತ್ತರಿಸಿ ಕಳಿಸುವುದು. ಅಪ್ಪಿಯ ಹೆಸರೂ ಅದರಲ್ಲಿ ಬಂತು. ಫೋಟೋ ಮತ್ತು ಎರಡು ಸಾಲು ಪರಿಚಯ ಕಳಿಸಿ ಎಂದು ಶಾಲೆಗೆ ಕೇಳಿದರು.

ನನ್ನ ಬಿಳಿ ಬ್ಲೌಸನ್ನು ಅವಳಿಗೆ ತೊಡಿಸಿ ಬಸ್‌ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋಗೆ ಕರೆದುಕೊಂಡು ಹೋದೆ. ಸ್ಟುಡಿಯೋದ ವಾಸಣ್ಣ ಏನೋ ಹೇಳಿ ನಗಿಸಿ ಚಂದದ ಫೋಟೋ ತೆಗೆದ. ಮಾರನೆಯ ದಿನ ಪ್ರಿಂಟು ನೋಡಿದೆ. ಅಪ್ಪಿ ಅದರಲ್ಲಿ ಅಪ್ಪಿಯ ಹಾಗೆಯೇ ಇದ್ದಳು — ಹೊಳೆಯುವ ಕಪ್ಪು ಮುಖ, ಅಗಲ ಮೂಗು, ಹಲ್ಲು ಅಷ್ಟೂ ಕಾಣುವ ನಗು. ನೋಡುತ್ತಾ ನೋಡುತ್ತಾ ನನಗೆ ಸಿಟ್ಟು ಬಂತು. ಯಾರ ಮೇಲೆ? ಜನರ ಮೇಲೆ ಎಂದುಕೊಂಡೆ. ಈ ಮುಖಕ್ಕೆ ಈ ದೇಶದಲ್ಲಿ ಯಾರು ಓಟು ಹಾಕುತ್ತಾರೆ?

"ಸ್ವಲ್ಪ ಟಚ್ ಮಾಡಿ ವಾಸಣ್ಣ," ಎಂದೆ.

"ಎಷ್ಟು ಬೆಳ್ಳಗೆ ಬೇಕು ಟೀಚರ್? ಹುಡುಗನ ಮನೆಗೆ ಕಳಿಸುವ ಫೋಟೋದಷ್ಟಾ, ಅದಕ್ಕಿಂತ ಜಾಸ್ತಿಯಾ?"

"ಜನ ಓಟು ಹಾಕುವಷ್ಟು."

ವಾಸಣ್ಣ ನಕ್ಕ. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ತಿದ್ದುತ್ತಾ ಕೂತ. ನೆಗೆಟಿವಿನಲ್ಲಿ ಕಪ್ಪು ಬಳಿದಷ್ಟೂ ಪ್ರಿಂಟಿನಲ್ಲಿ ಮುಖ ಬೆಳ್ಳಗಾಗುತ್ತದೆ. ಇದು ನನಗೆ ಆ ದಿನವೇ ಗೊತ್ತಾದದ್ದು. "ಮೂಗು ಕೂಡ ಸಪೂರ ಮಾಡಿದ್ದೇನೆ, ಅದು ಫ್ರೀ," ಎಂದ.

ಪರಿಚಯ ಬರೆಯುವಾಗ ಹೆಸರಿನ ಮುಂದೆ ಕೈ ನಿಂತಿತು. ಅಪ್ಪಿ. ಬೊಂಬಾಯಿಯವರಿಗೆ ಇದು ಹೆಸರು ಎಂದೇ ಅನಿಸಲಿಕ್ಕಿಲ್ಲ. ನಮ್ಮ ಶಾಲೆಯ ಮುಖ್ಯಸ್ಥೆ ಮದರ್, ಆ ಹೆಸರಿಗೆ ನಾಲಿಗೆ ಹೊರಳದೆ, ಹ್ಯಾಪಿ ಎಂದೇ ಕರೆಯುತ್ತಿದ್ದರು. ನಾನು ಅದನ್ನೇ ಬರೆದೆ: ಮಿಸ್ ಹ್ಯಾಪಿ ಕೆ. ಒಂದು ಅಕ್ಷರ, ಅಷ್ಟೇ. ಜಾತಿಯ ವಿಷಯ ಎತ್ತಲಿಲ್ಲ. ಅದೊಂದು ದೊಡ್ಡ ಗುಣ ಎಂದು ಭಾವಿಸಿದ್ದೆ.

ಪತ್ರಿಕೆ ಬಂದ ದಿನ ಅಪ್ಪಿ ಅದನ್ನು ಬಹಳ ಹೊತ್ತು ನೋಡಿದಳು.

"ಇದು ಯಾರು ಟೀಚರ್?"

"ನೀನೇ ಮಾರಾಯ್ತಿ. ಪ್ರಿಂಟಿಂಗಿನಲ್ಲಿ ಹಾಗೆ ಬರ್ತದೆ."

"ಹೌದಾ? ನನಗೆ ನಿಮ್ಮ ಬ್ಲೌಸಿನ ಗುರುತು ಮಾತ್ರ ಸಿಕ್ಕಿತು," ಎಂದಳು. ನಕ್ಕೇ ಹೇಳಿದಳು. ನಾನೂ ನಕ್ಕೆ.

ಓಟು ಬಿತ್ತು — ಧಾರಾಳವಾಗಿ ಬಿತ್ತು. ಹ್ಯಾಪಿ ಎಂಬ ಹೆಸರು ಕೇಳಿ ನಮ್ಮ ಕ್ರಿಶ್ಚಿಯನ್ನರು ತಮ್ಮವಳೇ ಎಂದುಕೊಂಡರು. ಕಟಪಾಡಿಯ ಪೇಪರ್ ಅಂಗಡಿಯವ ಒಂದು ದಿನ ಕೇಳಿದ, "ಇವಳು ನಿಮ್ಮವಳಾ ಟೀಚರ್?"

"ನಮ್ಮ ಶಾಲೆಯವಳು."

"ಅದಲ್ಲ, ನಿಮ್ಮವಳಾ ಅಂತ ಕೇಳಿದ್ದು."

ನಾನು ಮುಗುಳ್ನಕ್ಕೆ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಆ ಒಂದು ನಗೆಗೆ ಎಷ್ಟು ಕೂಪನ್ ಬಿದ್ದವೋ. ಬೀದಿಯಲ್ಲಿ ನಡೆಯುವಾಗ ಆ ಜನರನ್ನೆಲ್ಲ ಒಳಗೊಳಗೇ ಹೀಯಾಳಿಸುತ್ತಿದ್ದೆ. ಮೂರ್ಖರು, ಒಂದು ಪೆನ್ಸಿಲಿಗೆ ಬಿದ್ದವರು, ಎಂದು. ಎಂಥ ಸುಖ ಇತ್ತು ಅದರಲ್ಲಿ. ಮೋಸ ಮಾಡಿದವಳಿಗೆ ಮೋಸ ಹೋದವರನ್ನು ಕಂಡರೆ ಅಷ್ಟು ತಾತ್ಸಾರ ಯಾಕೆ ಬರುತ್ತದೋ —

ಹ್ಯಾಪಿ ಗೆದ್ದಳು. ಬೊಂಬಾಯಿಯಿಂದ ಕಪ್ಪು ಬಂತು. ಬೆಳ್ಳಿ ಬಣ್ಣದ ಕಪ್ಪು. ನಮ್ಮ ಭಾಷೆಯಲ್ಲಿ ಗೆದ್ದವರಿಗೆ ಕೊಡುವುದಕ್ಕೂ ಅದೇ ಶಬ್ದ ನೋಡಿ. ಎಲ್ಲರಿಗಿಂತ ಹೆಚ್ಚು ಕೂಪನ್ ಒಟ್ಟು ಮಾಡಿದ್ದು ಕಾರ್ಕಳದ ಒಂದು ಲೇಡೀಸ್ ಕ್ಲಬ್. ಸನ್ಮಾನ ನಮ್ಮಲ್ಲೇ ಆಗಬೇಕು, ಕಪ್ಪನ್ನೂ ಇಲ್ಲೇ ಕೊಡಬೇಕು ಎಂದು ಅವರು ಹಟ ಹಿಡಿದರು. ನಾನು ಒಪ್ಪಿದೆ. ಒಪ್ಪದಿರಲು ಯಾವ ಕಾರಣ ಕೊಡಲಿ?

ಅಪ್ಪಿ, ಅವಳ ಅಮ್ಮ, ನಾನು ಬಸ್ಸಿನಲ್ಲಿ ಹೋದೆವು. ಅಮ್ಮನಿಗೆ ತುಳು ಬಿಟ್ಟರೆ ಬೇರೆ ಮಾತು ಅಷ್ಟಾಗಿ ಬಾರದು. ಹ್ಯಾಪಿ ಅಂದರೆ ತಾನೇ ಎಂದು ಅಪ್ಪಿ ಅವರಿಗೆ ಹೇಳಿಕೊಟ್ಟಿದ್ದಳು. ದಾರಿಯುದ್ದಕ್ಕೂ ಅವರು ಆ ಹೆಸರನ್ನು ಮೆಲ್ಲಗೆ ಹೇಳಿ ನೋಡುತ್ತಿದ್ದರು. ಕ್ಲಬ್ ಹಾಲ್‌ನ ಬಾಗಿಲಲ್ಲೇ ಪ್ರೆಸಿಡೆಂಟ್ ಲಿಲ್ಲಿಬಾಯಿ ನಿಂತಿದ್ದರು, ಕೈಯಲ್ಲಿ ಮಲ್ಲಿಗೆ ಹಾರ. ಅವರ ಹಿಂದೆ ವೇದಿಕೆಯ ಮೇಲೆ ವಾಸಣ್ಣನ ಫೋಟೋ, ಆಳೆತ್ತರಕ್ಕೆ ದೊಡ್ಡದು ಮಾಡಿಸಿದ್ದು. ಲಿಲ್ಲಿಬಾಯಿ ನನ್ನನ್ನು ತಬ್ಬಿದರು. ನನ್ನ ಭುಜದ ಮೇಲಿಂದ ಆಚೆ ನೋಡಿದರು.

"ಹ್ಯಾಪಿ ಎಲ್ಲಿ? ಬಸ್ಸಿನಲ್ಲೇ ಕೂತಿದ್ದಾಳಾ? ನಾಚಿಕೆಯಾ ಹುಡುಗಿಗೆ?"

ಅಪ್ಪಿ ನಗುತ್ತಾ ಒಂದು ಹೆಜ್ಜೆ ಮುಂದೆ ಬಂದಳು. ಬಾಯಿ ತೆರೆದಿದ್ದಳು.

"ಷೀ ಈಸ್ ಡೌನ್ ವಿದ್ ಫೀವರ್," ಎಂದೆ ನಾನು.

ಮನೆಗಳಲ್ಲಿ ಕೆಲಸದವರ ಎದುರು ಅವರದೇ ವಿಷಯ ಮಾತಾಡಬೇಕಾದಾಗ ನಾವು ಇಂಗ್ಲಿಷಿಗೆ ತಿರುಗುತ್ತಿದ್ದೆವು. ಅದೇ ಅಭ್ಯಾಸ. ಆದರೆ ಆ ವಾಕ್ಯ ಅರ್ಥವಾಗುವಷ್ಟು ಇಂಗ್ಲಿಷನ್ನು ಅವಳಿಗೆ ಕಲಿಸಿದವಳು ನಾನು.

"ಅಯ್ಯೋ ಪಾಪ. ಮತ್ತೆ ಇವರು?"

"ಇವಳು ಅವಳ ಫ್ರೆಂಡ್. ಕಪ್ಪು ತಕ್ಕೊಂಡು ಹೋಗಲಿಕ್ಕೆ ಬಂದದ್ದು."

ಅಪ್ಪಿ ತೆರೆದ ಬಾಯಿ ಮುಚ್ಚಿದಳು. ಲಿಲ್ಲಿಬಾಯಿ ಹಾರವನ್ನು ಅವಳ ಕೊರಳಿಗೆ ಹಾಕಲಿಲ್ಲ, ಕೈಗೆ ಕೊಟ್ಟರು. ಜ್ವರದ ಹುಡುಗಿಗೆ ಮುಟ್ಟಿಸಬೇಕಾದ ಹಾರ ಅಲ್ವಾ. ಸಭೆ ಶುರುವಾಯಿತು. ಮೈಕಿನಲ್ಲಿ ಹೇಳಿದರು, "ನಮ್ಮೆಲ್ಲರ ಹೆಮ್ಮೆಯ ಹ್ಯಾಪಿಗೆ ಇವತ್ತು ಜ್ವರ." ಅಪ್ಪಿಯ ಅಮ್ಮನಿಗೆ ಅಷ್ಟು ಅರ್ಥವಾಯಿತು — ಹ್ಯಾಪಿ, ಮತ್ತು ಜ್ವರ. ಗಾಬರಿಯಾಗಿ ಪಕ್ಕದಲ್ಲಿ ಕೂತಿದ್ದ ಮಗಳ ಹಣೆಗೆ ಅಂಗೈ ಇಟ್ಟರು. ಕುತ್ತಿಗೆ ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಸಮಾಧಾನದಿಂದ, ನನಗೆ ಧೈರ್ಯ ಹೇಳುವ ಹಾಗೆ, "ಇಜ್ಜಿ ಬಾಯಮ್ಮ," ಎಂದರು. ಇಲ್ಲ ಎಂದು.

ಎಲ್ಲರೂ ಆ ಫೋಟೋಗೆ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಹಿಂದೆ ಬರುವಾಗ ಬಸ್ಸಿನಲ್ಲಿ ಅಪ್ಪಿ ಹಾರ, ಕಪ್ಪು ಎರಡನ್ನೂ ತೊಡೆಯ ಮೇಲಿಟ್ಟುಕೊಂಡಿದ್ದಳು. ಉಡುಪಿಯಲ್ಲಿ ಇಳಿಯುವಾಗ ಹಾರವನ್ನೂ ಕಪ್ಪನ್ನೂ ನನ್ನ ಮಡಿಲಲ್ಲಿಟ್ಟಳು. "ಜ್ವರ ಬಿಟ್ಟ ಮೇಲೆ ಹ್ಯಾಪಿಯನ್ನೇ ಓಡಿಸಿ ಟೀಚರ್," ಎಂದಳು. ಆ ವರ್ಷ ಶಾಲೆಗೆ ಬಂದಳು, ಪರೀಕ್ಷೆ ಬರೆದಳು. ಮೈದಾನಕ್ಕೆ ಮತ್ತೆ ಕಾಲಿಡಲಿಲ್ಲ. ದೊಡ್ಡ ಮೀಟುಗಳು ಮುಂದೆ ಇದ್ದವು, ಆರಿಸುವವರು ಕೇಳಿ ಕಳಿಸಿದರು. ನಾನು ಕರೆಯಲೂ ಇಲ್ಲ — ಕರೆಯುವುದಾದರೂ ಯಾವ ಹೆಸರಿನಿಂದ?

ಎಂಬತ್ತರ ದಶಕದಲ್ಲಿ ಒಮ್ಮೆ ಕಾಪುವಿಗೆ ಹೋಗುವ ಬಸ್ಸಿನಲ್ಲಿ ಅವಳನ್ನು ಕಂಡೆ. ತೊಡೆಯ ಮೇಲೆ ಮಗು. ನನ್ನನ್ನು ನೋಡಿ ಸರಿದು ಜಾಗ ಮಾಡಿದಳು. "ಕೂತ್ಕೊಳ್ಳಿ ಟೀಚರ್," ಎಂದಳು. ಬೇರೆ ಏನೂ ಇರಲಿಲ್ಲ ಆ ಮಾತಿನಲ್ಲಿ. "ಇಲ್ಲೇ ಇಳೀಲಿಕ್ಕುಂಟು," ಎಂದು ಕಟಪಾಡಿಯಲ್ಲೇ ಇಳಿದೆ. ನನ್ನ ಟಿಕೆಟ್ ಕಾಪುವಿಗಿತ್ತು. ಮುಂದಿನ ಬಸ್ಸಿಗೆ ಕಾದು ನಿಂತೆ.

ಕಾರ್ಕಳದಲ್ಲಿ ಆ ದಿನ ಅವಳ ಮಾನ ಉಳಿಸಲು ಹಾಗೆ ಹೇಳಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಉಳಿಸಿದ್ದು ಫೋಟೋವನ್ನು. ಇವಳೇ ಹ್ಯಾಪಿ ಎಂದಿದ್ದರೆ ಪೆನ್ಸಿಲ್ ಹಿಡಿಸಿದ ಕೈ ಯಾರದೆಂದು ಹೊರಬೀಳುತ್ತಿತ್ತು. ಲಿಲ್ಲಿಬಾಯಿ ಕರಿ ಹುಡುಗಿಯನ್ನು ಕಣ್ಣೆತ್ತಿ ನೋಡಲಿಲ್ಲ ಎಂದು ಇಷ್ಟು ವರ್ಷ ಜನರೆದುರು ಆಡಿಕೊಂಡಿದ್ದೇನೆ. ಆಕೆ ಹೇಗೆ ಗುರುತಿಸಬೇಕಿತ್ತು? ನಾನು ಕಳಿಸಿದ ಮುಖದವಳು ಅಲ್ಲಿ ಇರಲಿಲ್ಲ. ಬಾಗಿಲಲ್ಲಿ ನಾನು ಇವಳೇ ಎಂದಿದ್ದರೆ ಲಿಲ್ಲಿಬಾಯಿ ಮುಖ ಸಿಂಡರಿಸುತ್ತಿದ್ದರೋ, ಹಾರ ಹಾಕುತ್ತಿದ್ದರೋ... ಅದನ್ನು ತಿಳಿಯುವ ದಾರಿಯನ್ನೇ ನಾನು ಮುಚ್ಚಿಬಿಟ್ಟೆ. ಅವರು ಈಗ ಇಲ್ಲ.

ಹಾಗಾಗಿ ಶೆರಿಲ್, ನಿನ್ನ ಪ್ರಶ್ನೆಗೆ ನನ್ನ ಉತ್ತರವನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಜನ ಬಣ್ಣ ನೋಡಿ ಓಟು ಹಾಕುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಹಾಕುತ್ತಾರೇನೋ, ನಮ್ಮ ಸ್ಟಾಫ್‌ರೂಮಿನ ನಗು ಇನ್ನೂ ಕಿವಿಯಲ್ಲಿ ಉಂಟು. ಆದರೆ ಅಪ್ಪಿಯ ಮುಖವನ್ನು ತೋರಿಸಿ ಯಾರನ್ನೂ ಕೇಳಿಯೇ ಇಲ್ಲ. ಆ ಮುಖವನ್ನು ಸರಿಯಾಗಿ ಕಂಡು, ಬೇಡ ಎಂದು ತೀರ್ಮಾನಿಸಿದ್ದು ನಾನೊಬ್ಬಳೇ. ಅಪ್ಪಿಯ ವಿರುದ್ಧ ಬಿದ್ದದ್ದು ಎಂದು ನಾನು ಖಚಿತವಾಗಿ ಹೇಳಬಲ್ಲ ಓಟು ಅದೊಂದೇ.

ಆ ಕತೆಯನ್ನು ಹಳೆಯ ರೀತಿಯಲ್ಲಿ ನಾನಿನ್ನು ಎಲ್ಲಿಯೂ ಹೇಳುವುದಿಲ್ಲ. ಹೇಳಬೇಕಾದರೆ ಇಷ್ಟು ಹೇಳುತ್ತೇನೆ. ಆ ದಿನ ಕಾರ್ಕಳದಲ್ಲಿ ಹ್ಯಾಪಿಗೆ ಜ್ವರ ಇರಲಿಲ್ಲ. ಹ್ಯಾಪಿ ಎಂಬವಳೇ ಇರಲಿಲ್ಲ. ಅಪ್ಪಿ ಇದ್ದಳು. ಬಂದಿದ್ದಳು.